ಮನಸ್ಸು ಕುಗ್ಗಿದಾಗ ಮೊಬೈಲ್

ಮಾನ್ಯರೇ,

ಬೇಜಾರಾದಾಗ, ಸಿಟ್ಟು ಬಂದಾಗ, ನಿದ್ದೆ ಬಾರದಾಗ ನಾವು ಈಗ ಮೊದಲು ಹುಡುಕುವುದು ಮೊಬೈಲನ್ನು. ಹಳೆಯ ಹಾಡು ಹಾಕಿಕೊಳ್ಳುತ್ತೇವೆ, ತಂಗಿಗೆ ವಾಯ್ಸ್ ಮೆಸೇಜ್ ಕಳಿಸುತ್ತೇವೆ, ಇಲ್ಲವೇ ಸುಮ್ನೆ ರೀಲ್ಸ್ ನೋಡುತ್ತಾ ಕೂರುತ್ತೇವೆ. ಇದನ್ನೆಲ್ಲ ಒಟ್ಟಿಗೆ ಮೊಬೈಲ್ ಹುಚ್ಚು ಎಂದು ಬೈಯುವುದು ಸರಿಯಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಕಡೆ ಒಂಟಿ ಮನೆಗಳೇ ಜಾಸ್ತಿ. ಮಳೆಗಾಲದಲ್ಲಿ ಪಕ್ಕದ ಮನೆಗೆ ಹೋಗುವುದೂ ಕಷ್ಟ. ಬೆಂಗಳೂರಿನಲ್ಲಿರುವ ಮಗಳ ಮುಖ ವಿಡಿಯೊ ಕಾಲ್‌ನಲ್ಲಿ ಕಂಡರೆ ವಯಸ್ಸಾದವರ ಮನಸ್ಸು ಎಷ್ಟು ಹಗುರಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಆದರೆ ರಾತ್ರಿಯಿಡೀ ರೀಲ್ಸ್ ನೋಡುವುದು ಬೇರೆ. ಅದು ದುಃಖವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ. ನಿದ್ದೆ ಕೆಡುತ್ತದೆ, ಮರುದಿನ ಸಿಡುಕು ಹೆಚ್ಚುತ್ತದೆ.

ಮನಸ್ಸು ತೀರಾ ಕುಗ್ಗಿದಾಗ ಅದೇ ಫೋನಿನಿಂದ 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂಟರ್‌ನೆಟ್ ಬೇಡ, ಕೀಪ್ಯಾಡ್ ಫೋನ್ ಸಾಕು. ಆದರೂ ನಾನು ಕೇಳಿದ ಹಲವರಿಗೆ ಈ ನಂಬರ್ ಗೊತ್ತೇ ಇರಲಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳು, ಬಸ್ ನಿಲ್ದಾಣ, ಹಾಸ್ಟೆಲ್, ಪಂಚಾಯಿತಿ ಕಚೇರಿಗಳಲ್ಲಿ ಇದನ್ನು ದೊಡ್ಡದಾಗಿ ಬರೆಸಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗಲೂ ಹೇಳಲಿ.

ಇನ್ನು ನೆಟ್‌ವರ್ಕ್ ವಿಚಾರ. ಕರೆಂಟ್ ಹೋದ ಕೂಡಲೇ ಸಿಗ್ನಲ್ಲೂ ಹೋದರೆ ಯಾರಿಗೆ ಫೋನ್ ಮಾಡುವುದು? ಮಳೆ ಹಿಡಿಯುವ ಮೊದಲೇ ಟವರ್‌ಗಳಿಗೆ ಬ್ಯಾಟರಿ, ಡೀಸೆಲ್ ವ್ಯವಸ್ಥೆ ಆಗುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕು.

– ಒಬ್ಬ ಓದುಗ, ಮೂಡಿಗೆರೆ