ಮಗು ಸುಮ್ಮನಾದರೆ ಬೆಳಗಾಗಲಿ ಅಂತ ಕಾಯಬೇಡ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ "ಈ ವರ್ಷ ಒಂದು ಮಗು ಆಗಲಿ ಅಂತಿದ್ದೀವಿ ದೊಡ್ಡಮ್ಮ" ಅಂದೆಯಲ್ಲ, ತುಂಬಾ ಖುಷಿಯಾಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಿನಗೆ ಎರಡು ವರ್ಷದಿಂದ ಶುಗರ್ ಇದೆ. ಈ ಮಾತು ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಣ್ಣ ಹುಟ್ಟುವುದಕ್ಕೆ ಮೊದಲು ನನಗೊಂದು ಮಗು ಆಗಿತ್ತು. ನಿನ್ನಮ್ಮ ಹೇಳಿದ್ದಾಳೋ ಇಲ್ಲವೋ. ಅದು 1993. ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ಹೊಟ್ಟೆ ದೊಡ್ಡದಾಗಿತ್ತು, ನೋಡಿದವರೆಲ್ಲ "ಮಗು ಗುಂಡು ಗುಂಡಾಗಿದೆ" ಅನ್ನುತ್ತಿದ್ದರು. ಬಾಯಾರಿಕೆ ಜಾಸ್ತಿ. ರಾತ್ರಿ ತಲೆದೆಸೆಯಲ್ಲಿ ಇಟ್ಟುಕೊಂಡ ತಂಬಿಗೆ ನೀರು ಬೆಳಿಗ್ಗೆಗೆ ಖಾಲಿ. ಬಿಸಿಲಿಗೆ ಹೀಗೆ ಅಂದುಕೊಂಡೆ. ಶುಗರ್ ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಂಜೆ ಮಗು ಒದೆಯುವುದು ಕಡಿಮೆಯಾಯಿತು. "ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗತ್ತೆ" ಅಂದರು ಮನೆಯಲ್ಲಿ. ಬೆಳಿಗ್ಗೆ ಹೋದರಾಯಿತು ಅಂತ ಮಲಗಿದೆ. ಬೆಳಿಗ್ಗೆ ಡಾಕ್ಟರು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಕೊಳವೆ ಇಟ್ಟು ಬಹಳ ಹೊತ್ತು ಎದೆಬಡಿತ ಹುಡುಕಿದರು. ಸಿಗಲಿಲ್ಲ. ಗಂಡು ಮಗು, ನಾಲ್ಕೂಕಾಲು ಕೆ.ಜಿ. ತಲೆ ತುಂಬ ಕೂದಲು. ಹಳೇ ಸೀರೆಯಲ್ಲಿ ಹೊಲಿದಿಟ್ಟಿದ್ದ ಜಬ್ಲದ ತೋಳು ಅದರ ಕೈಗೆ ಏರಲೇ ಇಲ್ಲ.

ದೃಷ್ಟಿ ತಾಕಿತು ಅಂದರು, ಹಣೆಬರಹ ಅಂದರು. ಎರಡೂ ಅಲ್ಲ ಪುಟ್ಟಿ. ಮುಂದಿನ ಬಸಿರಿನಲ್ಲಿ ಒಬ್ಬ ಡಾಕ್ಟರಮ್ಮ ಶುಗರ್ ಪರೀಕ್ಷೆ ಮಾಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಮ್ಮನ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಅಮ್ಮನ ಇನ್ಸುಲಿನ್ ಹೋಗುವುದಿಲ್ಲ. ಆ ಸಕ್ಕರೆಯನ್ನು ಅರಗಿಸಲು ಮಗುವೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ. ಮೈ ಬೆಳೆಯುತ್ತದೆ, ಆಮ್ಲಜನಕವೂ ಜಾಸ್ತಿ ಬೇಕಾಗುತ್ತದೆ. ಮಾಸು ಅಷ್ಟನ್ನು ಕೊಡಲಾರದೆ ಹೋದರೆ ಮಗು ಸೋತುಹೋಗುತ್ತದೆ. ಡೆನ್ಮಾರ್ಕಿನ ಪೆಡರ್ಸನ್ ಅನ್ನುವ ಡಾಕ್ಟರು ಈ ಸಕ್ಕರೆ-ಇನ್ಸುಲಿನ್ ಸಂಗತಿಯನ್ನು 1950ರ ದಶಕದಲ್ಲೇ ಹೇಳಿದ್ದರು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಶುಗರ್ ಅಳೆದು ನೋಡಿದಾಗ ನೂರಕ್ಕೆ ಸುಮಾರು 6 ಜನರಲ್ಲಿ ಬಸಿರಿನ ಶುಗರ್ ಕಾಯಿಲೆ ಸಿಕ್ಕಿತು. ನನ್ನ ಹಾಗೆ ಎಷ್ಟು ಜನ ತಿಳಿಯದೇ ದಿನ ತುಂಬಿಸಿದ್ದರೋ.

ನನ್ನದು ಬಸಿರಿನಲ್ಲಿ ಗೊತ್ತಾದ ಶುಗರ್. ನಿನ್ನದು ಮೊದಲಿಂದಲೇ ಇದೆ. ಹಾಗಾಗಿ ನೀನು ಇನ್ನೂ ಮುಂಚೆ ಎಚ್ಚರವಾಗಬೇಕು. ಮಗುವಿನ ಹೃದಯ, ಬೆನ್ನುಹುರಿ ಎಲ್ಲ ಮೊದಲ ಎಂಟು ವಾರದಲ್ಲೇ ಮೂಡುತ್ತವೆ. ಮುಟ್ಟು ನಿಂತು, ಪರೀಕ್ಷೆ ಮಾಡಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಅದಕ್ಕೇ ಈಗಲೇ ಎಚ್‌ಬಿಎ1ಸಿ ಮಾಡಿಸು, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಅದು. 6.5ಕ್ಕಿಂತ ಕೆಳಗೆ ಬರಲಿ, ಆಮೇಲೆ ಮಗುವಿನ ಯೋಚನೆ. 10 ದಾಟಿದ್ದರಂತೂ ಸದ್ಯಕ್ಕೆ ಬೇಡವೇ ಬೇಡ. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಾಗುವ ಮೊದಲೇ ಶುರು ಮಾಡಬೇಕು. ಶುಗರ್ ಇರುವವರಿಗೆ 5 ಮಿಲಿಗ್ರಾಂ ಕೊಡುತ್ತಾರೆ, ಕೇಳು. ಬಿ.ಪಿ., ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಕೆಲವು ಬಸಿರಿಗೆ ಆಗಿಬರುವುದಿಲ್ಲ. ನಿನ್ನ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸು. ಕಣ್ಣಿನ ಪರೀಕ್ಷೆಯೂ ಆಗಲಿ.

ಮೊದಲಿಂದ ಶುಗರ್ ಇದ್ದವರಲ್ಲಿ ಮಗು ಹೊಟ್ಟೆಯಲ್ಲೇ ಹೋಗುವ ಅಪಾಯ ಉಳಿದವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಹಾಗೇ ಇನ್ನೊಂದು ಮಾತೂ ಅಷ್ಟೇ ನಿಜ. ಶುಗರ್ ಇರುವ ತಾಯಂದಿರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾದ ಮಗುವನ್ನೇ ಎತ್ತಿಕೊಂಡು ಮನೆಗೆ ಬರುತ್ತಾರೆ. ನಿಮ್ಮಣ್ಣನನ್ನೇ ನೋಡು. ದಿನಾ ಇನ್ಸುಲಿನ್ ಚುಚ್ಚಿಕೊಂಡೆ, 38ನೇ ವಾರದಲ್ಲಿ ಹೆರಿಗೆ ಮಾಡಿಸಿದರು, ಮೂರು ಕೆ.ಜಿ. ಇದ್ದ. ನರ್ಸಮ್ಮ ಅವನ ಹಿಮ್ಮಡಿ ಚುಚ್ಚಿ ಶುಗರ್ ನೋಡಿದಾಗ ಕಿಟಾರನೆ ಕಿರುಚಿದ. ಆ ಅಳು ಕೇಳಿ ನಾನೂ ಅತ್ತೆ.

ಬಸುರಾದ ಮೇಲೆ ಶುಗರ್ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು ಅನ್ನುತ್ತಾರೆ. ಇಬ್ಬರ ಊಟ ಮಾಡು ಅಂತ ಬಡಿಸುವವರು ಇದ್ದೇ ಇರುತ್ತಾರೆ. ರಾಗಿ ಮುದ್ದೆಗೆ ಶುಗರ್ ಏರಲ್ಲ ಅನ್ನುವುದನ್ನೂ ನಂಬಬೇಡ. ದೊಡ್ಡ ಮುದ್ದೆ ಉಂಡರೆ ಏರುತ್ತದೆ, ನನ್ನ ಮೀಟರಿನಲ್ಲೇ ನೋಡಿದ್ದೇನೆ. ಅರ್ಧ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಮೊಳಕೆ ಹುರುಳಿ ಪಲ್ಯ ಇರಲಿ. ಇನ್ಸುಲಿನ್ ಬರೆದುಕೊಟ್ಟರೆ ಮಗುವಿಗೆ ತೊಂದರೆ ಅಂತ ಹೆದರಬೇಡ, ಅದು ಮಾಸನ್ನು ದಾಟುವುದಿಲ್ಲ ಅಂತ ಹೇಳಿದೆನಲ್ಲ. ವಾಂತಿಯಾಗಿ ಊಟ ಸೇರದ ದಿನ ನೀನಾಗಿಯೇ ಇನ್ಸುಲಿನ್ ನಿಲ್ಲಿಸಬೇಡ, ತಕ್ಷಣ ಡಾಕ್ಟರಿಗೆ ಫೋನ್ ಮಾಡು. ಕೊನೆಗೆ 37-38 ವಾರಕ್ಕೆ ಹೆರಿಗೆ ಮಾಡಿಸೋಣ ಅಂದರೆ ಒಳ್ಳೆ ದಿನ ನೋಡಿ ಮುಂದೂಡಬೇಡಿ.

ಮಗು ಒದೆಯಲು ಶುರುವಾದ ಮೇಲೆ ಅದರ ರೂಢಿ ನಿನಗೇ ತಿಳಿಯುತ್ತದೆ. ಎಂದಿಗಿಂತ ಕಡಿಮೆ ಅನಿಸಿದರೆ ಸಿಹಿ ತಿಂದು ನೋಡೋಣ, ಇನ್ನೊಂದು ಗಂಟೆ ನೋಡೋಣ ಅನ್ನಬೇಡ. ರಾತ್ರಿ ಎರಡು ಗಂಟೆಯಾದರೂ ಆಟೋ ಹಿಡಿದು ಆಸ್ಪತ್ರೆಗೆ ಹೋಗು. ಏನೂ ಇಲ್ಲ ಅಂದರೆ ವಾಪಸ್ ಬರುತ್ತೀಯ, ಅಷ್ಟೇ ಅಲ್ವಾ. ನಿಮ್ಮತ್ತೆಯವರು ಸುಮ್ನೆ ಗಾಬರಿ ಯಾಕೆ ಅಂದರೆ ಅವರ ಕೈಗೆ ಫೋನ್ ಕೊಡು, ನಾನು ಮಾತಾಡುತ್ತೇನೆ.

ಈ ವಾರವೇ ಎಚ್‌ಬಿಎ1ಸಿ ಮಾಡಿಸಿ ನಂಬರ್ ನನಗೆ ಕಳಿಸು. ಎಷ್ಟೇ ಬಂದಿರಲಿ, ನಾನು ಬೈಯುವುದಿಲ್ಲ. ಅಳಿಯಂದಿರಿಗೂ ಈ ಪತ್ರ ಓದಲು ಕೊಡು.

ಇಂತಿ ನಿನ್ನ
ದೊಡ್ಡಮ್ಮ