ಚಿಕ್ಕಪ್ಪ, ಆ ರಾತ್ರಿಗಾಗಿ

ನಮ್ಮ ಪಿಜ್ಜಾ ಅಂಗಡಿ ತೆರೆದು ನಿನ್ನೆಗೆ ಒಂದು ತಿಂಗಳು ತುಂಬಿತು. ಸಾಲ, ಪರವಾನಗಿ, ಎರಡು ಬಾರಿ ಮುಂದೆ ಹೋದ ದಿನಾಂಕ, ಇವೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಹೊಸ ಒಲೆಯ ತೇವ ನಿಧಾನವಾಗಿ ಆರಲಿ, ಬಿರುಕು ಬಿಡದಿರಲಿ ಎಂದು ವಾರವಿಡೀ ಸಣ್ಣ ಉರಿ ಕಾಯ್ದ ಗೆಳೆಯರಿಗೆ, ಲೆಕ್ಕಪತ್ರ ಹೊತ್ತುಕೊಂಡ ಅಕ್ಕನಿಗೆ, ಮೊದಲ ಸಂಜೆ ತಡವಾದರೂ ಗೊಣಗದೆ ನಿಂತ ನೆರೆಹೊರೆಯವರಿಗೆ ಮನಸಾರೆ ವಂದನೆಗಳು.

ಆದರೆ ಇದನ್ನು ಬರೆಯಲು ಕೂತದ್ದು ಚಿಕ್ಕಪ್ಪನಿಗಾಗಿ.

ತೆರೆಯುವ ಹಿಂದಿನ ರಾತ್ರಿ ಫ್ರಿಜ್ ಕೈಕೊಟ್ಟಿತು. ಎರಡು ದಿನ ತಣ್ಣಗೆ ಹುದುಗಲೆಂದು ಇಟ್ಟಿದ್ದ ಹಿಟ್ಟು ಉಕ್ಕಿ, ಕುಸಿದು, ಟ್ರೇಗಳಿಗೆ ಅಂಟಿಕೊಂಡಿತ್ತು. ನಡುರಾತ್ರಿ ಫೋನ್ ಮಾಡಿದೆ. ಬಂದವರೇ ಒಂದು ಉಂಡೆಯನ್ನು ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಮೇಲೇಳಲಿಲ್ಲ.

"ಪಿಜ್ಜಾಕ್ಕೆ ಇದು ಬಾರದು. ಆದರೆ ಎಲ್ಲವನ್ನೂ ಎಸೆಯಬೇಡ" ಎಂದು ತೋಳು ಮಡಚಿದರು.

ಅಪ್ಪನ ಬೇಕರಿಯಲ್ಲಿ 28 ವರ್ಷ ಅಣ್ಣತಮ್ಮಂದಿರು ಮಾಡಿದ್ದು ಇದನ್ನೇ: ಹಳೆಯ ಹಿಟ್ಟಿನ ಒಂದು ತುಂಡನ್ನು ಹೊಸದರೊಳಗೆ ಸೇರಿಸುವುದು. ಆ ಹುಳಿಯಲ್ಲೇ ಬ್ರೆಡ್ಡಿನ ರುಚಿ ಇರುತ್ತಿತ್ತು. 10 ಕಿಲೋ ಹಿಟ್ಟು, 6.2 ಲೀಟರ್ ನೀರು, ಉಪ್ಪು, ಚಿಟಿಕೆ ಯೀಸ್ಟ್, ಜೊತೆಗೆ ಆ ತುಂಡು. ಕಲಸಿ ಒದ್ದೆ ಬಟ್ಟೆ ಮುಚ್ಚಿದೆವು.

ಅಪ್ಪ ತೀರಿಕೊಂಡ ಮೇಲೆ ಆ ಬೇಕರಿಗೆ ಬೀಗ ಹಾಕಿದವನು ನಾನೇ. ಮೂರು ಗಂಟೆಯ ಹೊತ್ತಿಗೆ ಅದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿ ಅತ್ತುಬಿಟ್ಟೆ. ಚಿಕ್ಕಪ್ಪ ಸಮಾಧಾನ ಹೇಳಲಿಲ್ಲ. ತಕ್ಕಡಿಯನ್ನು ನನ್ನ ಕಡೆ ಸರಿಸಿ, "ಉಂಡೆಗೆ 250 ಗ್ರಾಂ. ನೀನು ತೂಗು, ನಾನು ಕಟ್ಟುತ್ತೇನೆ" ಎಂದರು. ಹತ್ತಿಪ್ಪತ್ತು ಉಂಡೆಗಳಾದ ಮೇಲೆ, ತಲೆ ಎತ್ತದೆಯೇ, ನನಗೆ ಗೊತ್ತಿರದ ಒಂದು ಸಂಗತಿ ಹೇಳಿದರು. 2017ರಲ್ಲಿ ಇಟಲಿಯ ನೇಪಲ್ಸ್‌ನ ಪಿಜ್ಜಾ ತಯಾರಕರ ಕಲೆ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದಾಗ ಅಪ್ಪ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಭಟ್ಟಿಯ ಎದುರಿನ ಗೋಡೆಗೆ ಅಂಟಿಸಿದ್ದರಂತೆ. "ನಮ್ಮ ಕೆಲಸಕ್ಕೂ ಮರ್ಯಾದೆ ಸಿಕ್ಕಿತು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಆಮೇಲೆ ನನ್ನ ಕೈ ನಡುಗಲಿಲ್ಲ.

ಸಂಜೆ ಒಲೆಯ ಹಾಸು 430 ಡಿಗ್ರಿ ಮುಟ್ಟಿತ್ತು. ಮೊದಲ ಪಿಜ್ಜಾ 90 ಸೆಕೆಂಡಿನಲ್ಲಿ ಹೊರಬಂತು. ಚಿಕ್ಕಪ್ಪ ಅಂಚನ್ನು ಎತ್ತಿ ಅಡಿಭಾಗ ನೋಡಿದರು. "ತಳ ಬೆಂದಿದೆ" ಎಂದಷ್ಟೇ ಹೇಳಿ, ಕೈ ತೊಳೆದು, ಮಲಗಲು ಮನೆಗೆ ಹೋದರು.

ಚಿಕ್ಕಪ್ಪ, ಅಂದಿನ ಗದ್ದಲದಲ್ಲಿ ನಿಮ್ಮನ್ನು ಬಾಗಿಲವರೆಗೂ ಕಳಿಸಿಕೊಡಲಾಗಲಿಲ್ಲ. ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮೊದಲು ಹಿಟ್ಟಿನ ಒಂದು ತುಂಡನ್ನು ಎತ್ತಿಡುತ್ತಿದ್ದೇನೆ.