ಡಿಸ್ಕ್ ಜಾರುವುದಿಲ್ಲ, ಸೀಳುತ್ತದೆ

ಮಾನ್ಯ ಸಂಪಾದಕರೇ,

‘ಡಿಸ್ಕ್ ಜಾರಿದೆ’ ಎಂಬ ಮಾತು ಆಸ್ಪತ್ರೆಯಿಂದ ಹಿಡಿದು ಪತ್ರಿಕೆಗಳ ಆರೋಗ್ಯ ಪುಟದವರೆಗೆ ಬಳಕೆಯಲ್ಲಿದೆ. ಜಾರಿದ್ದನ್ನು ‘ಕೂರಿಸಲು’ ಬೆನ್ನು ತಿರುಚಿಸಿಕೊಂಡು ನೋವು ಹೆಚ್ಚು ಮಾಡಿಕೊಳ್ಳುವವರು ಇದನ್ನೇ ನಂಬಿದವರು. ಡಿಸ್ಕ್ ಎಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ. ಅದು ಎಲ್ಲಿಗೂ ಜಾರುವುದಿಲ್ಲ. ಮೇಲಿನ, ಕೆಳಗಿನ ಮೂಳೆಮಣಿಗಳಿಗೆ ಅದು ಬಿಗಿಯಾಗಿ ಬೆಸೆದುಕೊಂಡಿದೆ. ಆಗುವುದು ಸೀಳು.

ಡಿಸ್ಕಿನ ಹೊರಗೋಡೆ ಈರುಳ್ಳಿಯಂತೆ ಪದರ ಪದರ, ಸುಮಾರು 15ರಿಂದ 25. ಒಂದು ಪದರದ ನಾರು ಬಲಕ್ಕೆ ಓರೆಯಾದರೆ ಮುಂದಿನದು ಎಡಕ್ಕೆ. ನಡುವೆ ನೀರು ತುಂಬಿದ ಲೋಳೆಯಂಥ ತಿರುಳು. ಮೈ ತಿರುಚಿದಾಗ ಅರ್ಧದಷ್ಟು ನಾರುಗಳು ಮಾತ್ರ ಬಿಗಿಯುತ್ತವೆ, ಉಳಿದವು ಸಡಿಲ. ಜೊತೆಗೆ ಬಗ್ಗಿದರೆ ಹಿಂಬದಿಯ ಗೋಡೆ ಎಳೆದುಕೊಳ್ಳುತ್ತದೆ, ತಿರುಳು ಅತ್ತಲೇ ಒತ್ತುತ್ತದೆ. ತುಂಬಿದ ಕೊಡವನ್ನು ಬಗ್ಗಿ ಎತ್ತಿ, ಪಾದ ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿ ಪಕ್ಕದ ಕಟ್ಟೆಗೆ ಇಡುವಾಗ ಇವೆಲ್ಲ ಒಟ್ಟಿಗೇ ಆಗುತ್ತವೆ. ಬೆಳಗಿನ ಹೊತ್ತು ಇನ್ನೂ ಅಪಾಯ. ರಾತ್ರಿಯಿಡೀ ನೀರು ಹೀರಿ ಡಿಸ್ಕ್ ಉಬ್ಬಿರುತ್ತದೆ. ನೋವಿದ್ದವರು ಎದ್ದ ಮೊದಲ ಒಂದು ಗಂಟೆ ಬಗ್ಗಿ ಕಸ ಗುಡಿಸುವುದು, ನೀರು ಹೊರುವುದು ಬೇಡ.

ಸೀಳು ಕೂಡಿಕೊಳ್ಳುತ್ತದೆಯೇ? ಗೋಡೆಯ ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ತವೂ ಉಂಟು, ನರವೂ ಉಂಟು. ಅಲ್ಲಿನ ಸೀಳು ನೋಯುತ್ತದೆ, ಆದರೆ ಕಲೆಗಟ್ಟಿ ಕೂಡಿಕೊಳ್ಳುತ್ತದೆ. ಒಳಗಿನದಕ್ಕೆ ರಕ್ತನಾಳವಿಲ್ಲ, ಮಣಿಗಳ ಅಂಚಿನಿಂದ ಒಸರಿ ಬರುವುದೇ ಆಹಾರ. ಅದು ಸರಿಯಾಗಿ ಕೂಡದು, ಸಾಮಾನ್ಯವಾಗಿ ನೋಯುವುದೂ ಇಲ್ಲ. ಸೀಳಿನ ಜಾಡು ಹಿಡಿದು ನರದೆಳೆಗಳು ಒಳಕ್ಕೆ ಬೆಳೆಯುವುದುಂಟು. ಕೆಲವರಿಗೆ ನೋವು ತಿಂಗಳುಗಟ್ಟಲೆ ಎಳೆಯಲು ಅದೊಂದು ಕಾರಣ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ. ಹೊಸ ಕಲೆ ಮೊದಲಿನ ನಾರಿನಷ್ಟು ಗಟ್ಟಿಯಲ್ಲ, ಬಲಗೊಳ್ಳಲು ತಿಂಗಳುಗಳೇ ಬೇಕು. ನೋವು ಹೋಯಿತೆಂದು ಮರುದಿನವೇ ಮೂಟೆ ಎತ್ತಿದವರಿಗೆ ಅದು ಮರುಕಳಿಸುವುದು ಇದಕ್ಕೇ.

ಎಂಆರ್‌ಐ ವರದಿಯ ‘ಆ್ಯನ್ಯುಲರ್ ಟೇರ್’ (ಹೊರಗೋಡೆಯ ಸೀಳು) ಎಂಬ ಎರಡು ಪದ ಓದಿ ಕಂಗೆಡುವವರಿಗೆ ಒಂದು ಮಾತು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಪರಾಮರ್ಶೆಯ ಪ್ರಕಾರ, ಇಂಥ ಸೀಳು 20ರ ವಯಸ್ಸಿನಲ್ಲಿ ಸುಮಾರು ಶೇ 19, 80ರಲ್ಲಿ ಶೇ 29 ಮಂದಿಯಲ್ಲಿದೆ. ಡಿಸ್ಕ್ ಉಬ್ಬುವಿಕೆ ಶೇ 30ರಿಂದ ಶೇ 84ಕ್ಕೆ ಏರುತ್ತದೆ. ಸ್ಕ್ಯಾನ್ ಕೇಂದ್ರಗಳು ಈ ಅಂಕಿಗಳನ್ನು ವರದಿಯ ಕೆಳಗೇ ಕನ್ನಡದಲ್ಲಿ ಅಚ್ಚು ಹಾಕಬೇಕು. ನೋವು ಮಾಸಿದ ಮೇಲೂ ಸೀಳಿನ ಬಿಳಿ ಚುಕ್ಕೆ ಚಿತ್ರದಲ್ಲಿ ಉಳಿಯಬಹುದು. ‘ಕೂಡಿತೇ’ ಎಂದು ನೋಡಲು ಮತ್ತೆ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ.

ಹಾಸಿಗೆ ಹಿಡಿಯುವುದು ಎರಡು ದಿನಕ್ಕೆ ಸಾಕು. ಆಮೇಲೆ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ನಡೆಯಬೇಕು, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬಾರದು. ಕಾಲಿಗೆ ಇಳಿದ ನೋವು ಸೊಂಟದತ್ತ ಹಿಂದೆ ಸರಿದರೆ ಒಳ್ಳೆಯ ಲಕ್ಷಣ. ವ್ಯಾಯಾಮದಿಂದ ಅದು ಇನ್ನೂ ಕೆಳಗಿಳಿದರೆ ಆ ವ್ಯಾಯಾಮ ನಿಲ್ಲಿಸಿ.

ಆದರೆ ಕೂತಾಗ ಒತ್ತುವ ಮೈಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಎರಡೂ ಕಾಲು ಸೋತರೆ, ಇವುಗಳಲ್ಲಿ ಒಂದೇ ಕಂಡರೂ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಹೋಗಿ.

– ಒಬ್ಬ ಫಿಸಿಯೋಥೆರಪಿಸ್ಟ್, ಶಿವಮೊಗ್ಗ